ಲಕ್ಕಿ ಬೇಲಿ

ಮುನಿರಾಬಾದ್
೮ ಆಗಸ್ಟ್ ೨೦೨೨

ಸುಕನ್ಯಾ,

ನಿಮ್ಮೂರಿನಲ್ಲಿ ಫೋನಿಗೆ ಸಿಗ್ನಲ್ ಬೇಕಾದರೆ ನೀರಿನ ಟಾಕಿ ಹತ್ತಬೇಕು ಎಂದು ನಿನ್ನ ಗಂಡ ದುರಗೇಶ ಹೇಳಿದ. ನೀನು ಟಾಕಿ ಹತ್ತುವವಳಲ್ಲ. ಕುಷ್ಟಗಿ ಹಾಸ್ಟೆಲಿನಲ್ಲಿ ಮೇಲಿನ ಮಂಚ ಹತ್ತಲೂ ಹೆದರಿ ನನ್ನ ಕೆಳಗಿನ ಮಂಚ ಕಸಿದುಕೊಂಡವಳು. ಹಾಗಾಗಿ ಕಾಗದ. ಮುನಿರಾಬಾದಿನಿಂದ ಯಲಬುರ್ಗಾ ಮೇಲೆ ನಿಮ್ಮ ಗುಡ್ಡದ ಹೊಸಹಳ್ಳಿಗೆ ಬರುವ ಬಸ್ಸಿನ ಕಂಡಕ್ಟರ್ ಅಬ್ದುಲರೌಫ ಇದನ್ನು ನೀನು ಟೀಚರಾಗಿರುವ ಅಂಗನವಾಡಿಗೇ ತಂದು ನಿನ್ನ ಕೈಗೆ ಕೊಡುತ್ತೇನೆಂದು ಒಪ್ಪಿದ್ದಾನೆ.

ನನಗೆ ಕೆಲಸ ಸಿಕ್ಕಿದೆ. ಏನು ಕೆಲಸ ಎಂದರೆ ನಗಬೇಡ, ಎಲೆ ಸುಡುವುದು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುತ್ತದಲ್ಲ, ಅದು ಊರಿಗೆ ಇಳಿಯದಂತೆ ಗುಡ್ಡಕ್ಕೂ ಮನೆಗಳಿಗೂ ನಡುವೆ ಬೇಗ ಹೊತ್ತಿಕೊಳ್ಳದ ಗಿಡಗಳ ಬೇಲಿ ಹಾಕುವ ಯೋಜನೆ. ಯಾವ ಗಿಡ ಬೇಗ ಹೊತ್ತುತ್ತದೆ, ಯಾವುದು ತಡವಾಗಿ ಎಂದು ಹೋಲಿಸಿ ನೋಡುವುದು ನನ್ನ ಪಾಲಿನದು. ಕಾಲೋನಿಯ ಹಿಂದೆ ಒಂದು ಹಳೇ ಉಗ್ರಾಣ ಕೊಟ್ಟಿದ್ದಾರೆ. ಅಲ್ಲಿ ಕರೆಂಟಿನ ಒಲೆ, ಒಲೆಯ ಮೇಲೆ ರೊಟ್ಟಿ ಹಂಚಿನಂಥ ಕಬ್ಬಿಣದ ತಟ್ಟೆ. ತಟ್ಟೆ ಚೆನ್ನಾಗಿ ಕಾದ ಮೇಲೆ ಎಲೆ ಹಾಕಿ, ಹೊಗೆ ಯಾವಾಗ ಬಂತು, ಉರಿ ಯಾವಾಗ ಬಂತು, ಎಷ್ಟೆತ್ತರ ಎದ್ದಿತು ಎಂದು ನೋಡುತ್ತೇನೆ. ಅವ್ವ ಒಮ್ಮೆ ಬಂದು ಇದನ್ನೆಲ್ಲ ಕಂಡು, "ರೊಟ್ಟಿ ಬೇಯಿಸಾಕ ಬರಲಾರದಾಕಿಗೆ ಎಲಿ ಸುಡಾಕ ಪಗಾರ ಕೊಡ್ತಾರಲ್ಲ" ಅಂದು ಹೋದಳು.

ಕಳೆದ ಬೇಸಿಗೆಯಲ್ಲಿ ನಿಮ್ಮ ಗುಡ್ಡದ ಬೆಂಕಿ ನಿನ್ನ ಅತ್ತೆಯ ಮೇವಿನ ಬಣವೆ ಸುಟ್ಟು, ಅಂಗನವಾಡಿಯ ಹಿಂದಿನ ಗೋಡೆವರೆಗೆ ಬಂದಿತ್ತೆಂದು ಕೇಳಿದ್ದೆ. ಅದಕ್ಕೇ ನಿಮ್ಮೂರಿನಿಂದಲೇ ಶುರುಮಾಡುತ್ತೇನೆಂದು ಯೋಜನೆಯ ಸಾಹೇಬರ ಹತ್ತಿರ ಹಟ ಮಾಡಿದ್ದೇನೆ. ಬಂದರಿಕಿ, ಲಂಟಾನ, ತಂಗಡಿ, ಬಳ್ಳಾರಿ ಜಾಲಿ, ಲಕ್ಕಿ ಇವುಗಳ ಎಲೆ ಬೇಕು. ಇಬ್ಬನಿ ಆರಿದ ಮೇಲೆ ಕಿತ್ತು, ಬೇರೆಬೇರೆ ಚೀಲದಲ್ಲಿ ಕಟ್ಟಿ, ವಾರಕ್ಕೊಮ್ಮೆ ಅದೇ ಬಸ್ಸಿಗೆ ಕೊಡು.

ಕೆಳಗಿನ ಮಂಚ ಬಿಟ್ಟುಕೊಟ್ಟವಳು,
ಶಿವಲೀಲಾ


ಗುಡ್ಡದ ಹೊಸಹಳ್ಳಿ
೧೪ ಆಗಸ್ಟ್ ೨೦೨೨

ಲೀಲಾ,

ಕಾಗದ ಬಂದಾಗ ಮಕ್ಕಳಿಗೆ ಹಾಲು ಕಾಯಿಸುತ್ತಿದ್ದೆ. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ಓದುವಷ್ಟರಲ್ಲಿ ಹಾಲು ಉಕ್ಕಿಹೋಯಿತು.

ಎಲೆ ಕೀಳುವುದು ಕಷ್ಟವಲ್ಲ. ಕಷ್ಟವಾದದ್ದು ನನ್ನ ಅತ್ತೆ ಪಕ್ಕೀರವ್ವನಿಗೆ ಹೇಳುವುದು. ಬಂದರಿಕಿ ಅಂದಾಗ ಕಾಳು ಕೇರುತ್ತಲೇ ಇದ್ದರು, ಜಾಲಿ ಅಂದಾಗ ನಕ್ಕರು. ಲಕ್ಕಿ ಅಂದಾಗ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಈ ಊರಲ್ಲಿ ಲಕ್ಕಿಯನ್ನು ಒಲೆಗೆ ಹಾಕುವುದಿಲ್ಲ. ಅದು ಬಾಣಂತಿಯ ಮೈ ತೊಳೆಯುವ ನೀರಿಗೆ ಹಾಕುವ ಗಿಡ. ಅದನ್ನು ಸುಟ್ಟರೆ ಹಡೆದವಳ ಎದೆಹಾಲು ಬತ್ತುತ್ತದೆಂದು ನಂಬುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ಗೊತ್ತಿಲ್ಲದೆ ಒಂದು ಲಕ್ಕಿ ಕಡ್ಡಿ ಒಲೆಗೆ ತುರುಕಲು ಹೋಗಿ ಕೈ ಮೇಲೆ ಪೆಟ್ಟು ತಿಂದಿದ್ದೆ. ಇಡೀ ಊರಲ್ಲಿ ಲಕ್ಕಿ ಹೇಗೆ ಉರಿಯುತ್ತದೆಂದು ಕಂಡವರೇ ಇಲ್ಲ.

ಊರು ಉಳಿಸುವ ಕೆಲಸ ಇದು ಎಂದು ಹೇಳಿದೆ. ಅದಕ್ಕೆ ಅಂದರು, "ಊರಿನ ಸಲುವಾಗಿ ಅಂತಿ, ಹಂಗಾರ ಕೊಡ್ತೀನಿ. ಆದ್ರ ಲಕ್ಕಿ ಚೀಲ ನಾನ ಕಟ್ಟತೀನಿ. ನೀ ಮುಟ್ಟಬ್ಯಾಡ, ಇನ್ನಾ ಹಡದಾಕಿ ಅಲ್ಲ ನೀ." ಮದುವೆಯಾಗಿ ಆರು ವರ್ಷವಾಯಿತು ಎಂಬುದನ್ನು ಅವರು ಹೀಗೆ ಯಾವುದಾದರೂ ಮಾತಿನ ತುದಿಗೆ ಕಟ್ಟಿ ಹೇಳುತ್ತಾರೆ. ನನಗೆ ನೋವಾಗುತ್ತದೆ ಎಂದು ಅವರಿಗೆ ಗೊತ್ತಿಲ್ಲ ಅಂತೇನಲ್ಲ.

ಬಿಡು. ಐದೂ ಚೀಲ ಕಳಿಸಿದ್ದೇನೆ. ಆರನೆಯದರಲ್ಲಿ ಶೇಂಗಾ ಇದೆ, ಅದನ್ನು ಸುಡಬೇಡ, ಹುರಿದು ತಿನ್ನು.

ನಿನ್ನ
ಸುಕನ್ಯಾ


ಮುನಿರಾಬಾದ್
೨೦ ನವೆಂಬರ್ ೨೦೨೨

ಸುಕನ್ಯಾ,

ನಾನು ದಂಗಾಗಿ ಕೂತಿದ್ದೇನೆ. ಖುಷಿಗೆ.

ಬಂದರಿಕಿ ಹಸಿ ಇದ್ದಾಗಲೇ ಎಣ್ಣೆ ಸವರಿದಂತೆ ಭಗ್ಗೆಂದಿತು. ಲಂಟಾನ ಅದರ ಹಿಂದೆಯೇ. ಜಾಲಿ ನಡುವೆ, ತಂಗಡಿ ಸ್ವಲ್ಪ ತಾಳಿತು. ಇವೆಲ್ಲ ನಾನು ಅಂದುಕೊಂಡ ಹಾಗೇ. ಆದರೆ ಲಕ್ಕಿ ನೋಡಬೇಕಿತ್ತು ನೀನು. ಕಾದ ತಟ್ಟೆಗೆ ಬಿದ್ದು ಸುಂಯ್ಯೆಂದು ಸುರುಟಿಕೊಂಡಿತು, ಆವಿ ಬಿಟ್ಟಿತು, ಉರಿ ಬರುವ ಮಾತೇ ಇಲ್ಲ. ಕೊನೆಗೆ ಬಂದರೂ ಒಂದು ಸಣ್ಣ ನಾಲಿಗೆಯಷ್ಟೇ. ಮೊದಲ ಸಲ ತಪ್ಪಿರಬೇಕೆಂದು ಮತ್ತೆ ಮಾಡಿದೆ. ನೀನು ವಾರವಾರ ಕಳಿಸಿದ ಅಷ್ಟೂ ಚೀಲಗಳಲ್ಲಿ ಇದೇ ಕಥೆ.

ಚೀಲ ಬಿಚ್ಚಿದರೆ ಉಳಿದ ಎಲೆಗಳು ಬಾಡಿರುತ್ತವೆ, ಲಕ್ಕಿ ಮಾತ್ರ ತೇವವಾಗಿರುತ್ತದೆ. ಅಷ್ಟು ದೂರ ಬಸ್ಸಿನಲ್ಲಿ ಬಂದರೂ ನೀರು ಬಿಟ್ಟುಕೊಡದ ಗಿಡ ಅದು. ಅದರ ರಸ ಕೈಗೆ ಹಳದಿ ಬಣ್ಣ ಹಚ್ಚುತ್ತದೆ ಎಂಬುದೂ ನನಗೆ ಹೊಸ ಸಂಗತಿ. ಮೂರು ತಿಂಗಳಿಂದ ನನ್ನ ಬೆರಳ ತುದಿ ಮದುಮಗಳದಾಗಿದೆ.

ವರದಿಯಲ್ಲಿ ಲಕ್ಕಿಯನ್ನೇ ಬರೆದಿದ್ದೇನೆ. ಸಾಹೇಬರೂ ಒಪ್ಪಿದರು. ಆಡು ತಿನ್ನುವುದಿಲ್ಲ, ಕಡ್ಡಿ ನೆಟ್ಟರೆ ಚಿಗುರುತ್ತದೆ, ನಿಮ್ಮೂರಲ್ಲಂತೂ ಸೌದೆಗೆಂದು ಯಾರೂ ಕಡಿಯುವುದಿಲ್ಲ. ಇಂಥ ಗಿಡ ಇನ್ನೆಲ್ಲಿ ಸಿಕ್ಕೀತು? ಮುಂದಿನ ಮಳೆಗಾಲಕ್ಕೆ ಅಂಗನವಾಡಿಯ ಹಿಂದಿನಿಂದ ಹಳ್ಳದವರೆಗೆ ಎರಡು ಸಾಲು ನೆಡೋಣ. ನಿನ್ನ ಅತ್ತೆಗೆ ನನ್ನ ನಮಸ್ಕಾರ ಹೇಳು. ಅವರು ಸರಿಯಾದ ಗಿಡವನ್ನೇ ದೇವರು ಮಾಡಿಕೊಂಡಿದ್ದಾರೆ.

ಹಳದಿ ಬೆರಳಿನ
ಶಿವಲೀಲಾ


ಗುಡ್ಡದ ಹೊಸಹಳ್ಳಿ
೧೧ ಸೆಪ್ಟೆಂಬರ್ ೨೦೨೪

ಲೀಲಾ,

ಚೀಲಗಳ ಕೆಲಸ ಮುಗಿದ ಮೇಲೆ ನಮ್ಮ ಕಾಗದಗಳೂ ಮುಗಿದವಲ್ಲ. ತಪ್ಪು ನಿನ್ನದೂ ಹೌದು, ನನ್ನದೂ ಹೌದು, ಅರ್ಧರ್ಧ ಹಂಚಿಕೊಳ್ಳೋಣ.

ಹೋದ ವರ್ಷ ನೀನು ಬಂದು ನೆಡಿಸಿಹೋದ ಬೇಲಿಗೆ ಇದು ಎರಡನೇ ಮಳೆಗಾಲ. ನನ್ನ ತಲೆ ದಾಟಿ ಬೆಳೆದಿದೆ. ಅಂಗನವಾಡಿಯ ಹಿಂದಿನ ಕಿಟಕಿ ತೆರೆದರೆ ಗುಡ್ಡ ಕಾಣುವುದಿಲ್ಲ, ಬರೀ ಲಕ್ಕಿಯ ನೀಲಿ ಹೂವು. ಆ ಕಿಟಕಿಯ ಕೆಳಗೇ ಚಾಪೆ ಹಾಸಿ ಮಧ್ಯಾಹ್ನ ಮಕ್ಕಳನ್ನು ಮಲಗಿಸುತ್ತೇನೆ. ಎಲೆಯ ವಾಸನೆಗೆ ಸೊಳ್ಳೆಯೂ ಕಡಿಮೆ. ಬೇಸಿಗೆಯಲ್ಲಿ ಅತ್ತೆ ಬೋರಿನಿಂದ ಕೊಡ ಹೊತ್ತು ಅದಕ್ಕೆ ನೀರು ಹಾಕಿದರು. "ನಮ್ಮ ಲಕ್ಕಿ ಊರ ಕಾಯಾಕ ನಿಂತೈತಿ" ಎಂದು ಬಂದವರಿಗೆಲ್ಲ ತೋರಿಸುತ್ತಾರೆ, ತಾವೇ ಹಡೆದ ಹಾಗೆ.

ಇನ್ನೊಂದು ಸುದ್ದಿ. ಬರೆಯಲು ಹೆದರಿಕೆ, ಆದರೆ ನಿನಗೆ ಬರೆಯದೆ ಇರಲಾರೆ. ನನಗೆ ಐದನೇ ತಿಂಗಳು. ಅತ್ತೆಗೆ ಬೆಳಿಗ್ಗೆ ಹೇಳಿದೆ. ಸಂಜೆ ನೋಡಿದರೆ ಬೇಲಿಯ ಹತ್ತಿರ ಒಬ್ಬರೇ ನಿಂತು ಒಂದೊಂದು ಗಿಡ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಮರೆತುಬಿಡಬೇಡ.
ಸುಕನ್ಯಾ


ಕುಷ್ಟಗಿ
೨ ಫೆಬ್ರುವರಿ ೨೦೨೫

ಲೀಲಾ,

ಹೆಣ್ಣು. ಕಪ್ಪಗೆ, ಉದ್ದ ಬೆರಳು, ದುರಗೇಶನ ಮೂಗು. ಅತ್ತರೆ ಓಣಿಗೆಲ್ಲ ಕೇಳುತ್ತದೆ.

ತವರಿನಲ್ಲಿದ್ದೇನೆ, ಇಲ್ಲಿ ಫೋನು ಸಿಗುತ್ತದೆ, ಆದರೆ ಅವ್ವ ಮುಟ್ಟಲು ಬಿಡುವುದಿಲ್ಲ. ಕಿವಿಗೆ ಅರಳೆ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದು, "ಹಸಿ ಬಾಣಂತಿ ಫೋನ್ ಹಚ್ಚಿಕೊಂಡು ಕುಂತರ ಕಿವ್ಯಾಗ ಗಾಳಿ ಸೇರತೈತಿ" ಎಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ. ಕಾಗದ ಬರೆಯುವುದರಿಂದ ಯಾವ ರೋಗ ಬರುತ್ತದೆಂದು ಅವಳಿಗಿನ್ನೂ ಹೊಳೆದಿಲ್ಲ, ಹೊಳೆಯುವುದರೊಳಗೆ ಬರೆದು ಮುಗಿಸಬೇಕು.

ದಿನಾ ಲಕ್ಕಿ ಎಲೆ ಹಾಕಿದ ಬಿಸಿನೀರು. ಎಲೆ ಬರುವುದು ನಮ್ಮ ಬೇಲಿಯಿಂದಲೇ, ಅತ್ತೆ ಬಸ್ಸಿಗೆ ಕೊಟ್ಟು ಕಳಿಸುತ್ತಾರೆ. ಮೊದಲ ಚೀಲ ಬಂದಾಗ ಒಳಗೆಲ್ಲ ಒದ್ದೆ, ಅವ್ವನ ಕೈ ಹಳದಿ. ಏನಿದು ಎಂದು ಕೇಳಿದರೆ, ಕೂಸು ನೋಡಲು ಬಂದಿದ್ದ ದುರಗೇಶ ಹೇಳಿದ. ಅವರ ಮನೆಯ ಹೊಸ್ತಿಲು ದಾಟಿ ಲಕ್ಕಿ ಒಣದಾಗಿ ಹೋಗಬಾರದಂತೆ. ಯಾರಿಗೇ ಕೊಡಲಿ, ರಾತ್ರಿಯೆಲ್ಲ ಮುಚ್ಚಿದ ಕೊಡದೊಳಗೆ ಅರಿಶಿನದ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಜಾಡಿಸಿ ಕಟ್ಟಿ ಕೊಡಬೇಕಂತೆ. ಒಣ ಲಕ್ಕಿ ಕೊಟ್ಟರೆ ಒಣ ಎದೆ ಕೊಟ್ಟ ಹಾಗಂತೆ. ನಾನು ಆ ಮನೆಗೆ ಬಂದು ಇಷ್ಟು ವರ್ಷವಾದರೂ ನನಗೆ ಗೊತ್ತಿರಲಿಲ್ಲ, ಹಡೆಯದವಳಿಗೆ ಯಾರು ಹೇಳುತ್ತಾರೆ. "ಶಿವಲೀಲಕ್ಕನ ಚೀಲಾನೂ ಅವ್ವ ಹಿಂಗ ಕಟ್ಟತಿದ್ಲು" ಅಂದ. ಆಗ ನೆನಪಾಯಿತು ನಿನ್ನ ಮದುಮಗಳ ಬೆರಳು. ನಕ್ಕು ನಕ್ಕು ಹೊಲಿಗೆ ನೋವು ಬಂತು.

ನೀನು ಬರಬೇಕು. ಹೆಸರಿಡುವುದರೊಳಗೆ ಬಾ.

ನಿನ್ನ
ಸುಕನ್ಯಾ


ಮುನಿರಾಬಾದ್
೯ ಫೆಬ್ರುವರಿ ೨೦೨೫

ಸುಕನ್ಯಾ,

ಮಗಳ ಸುದ್ದಿ ಎರಡು ಸಲ ಓದಿದೆ. ಆಮೇಲೆ ಅರಿಶಿನದ ನೀರಿನ ಮಾತಿಗೆ ಬಂದೆ. ನೀನು ನಕ್ಕ ಸಾಲಿಗೆ ನನಗೆ ನಗು ಬರಲಿಲ್ಲ.

ನಾನು ಸುಟ್ಟಿದ್ದು ಲಕ್ಕಿಯನ್ನಲ್ಲ. ರಾತ್ರಿಯೆಲ್ಲ ನೀರು ಕುಡಿದ ಲಕ್ಕಿಯನ್ನು. ಉಳಿದ ನಾಲ್ಕು ಗಿಡ ಬಾಡಿ ಬಂದವು, ಇದೊಂದು ಮಿಂದು ಬಂತು, ನಾನು ಇವನ್ನು ಪಕ್ಕಪಕ್ಕ ಇಟ್ಟು ಹೋಲಿಸಿದೆ. ಹಳದಿ ಬಣ್ಣ ಕಣ್ಣೆದುರಿಗೇ ಇತ್ತು, ಅರಿಶಿನದ ವಾಸನೆಯೂ ಇದ್ದಿರಬೇಕು. ಗಿಡದ ರಸ ಎಂದು ನಿನಗೆ ಹೆಮ್ಮೆಯಿಂದ ಬರೆದೆ.

ಆಗಲೇ ಎದ್ದು ಕಾಲುವೆ ದಂಡೆಯ ಲಕ್ಕಿ ಕಿತ್ತು ತಂದು ಹಾಗೇ ತಟ್ಟೆಗೆ ಹಾಕಿದೆ. ಚಟಪಟ ಸಿಡಿದು ನೋಡನೋಡುತ್ತಲೇ ಹೊತ್ತಿತು. ಗಿಡದ ಬುಡದಲ್ಲಿ ಉದುರಿದ ಒಣ ಎಲೆ ಹಾಕಿದೆ, ಬಂದರಿಕಿಯನ್ನೂ ಹಿಂದೆ ಹಾಕಿತು. ಹೆದರಿ ಹಿಂದಕ್ಕೆ ಸರಿದೆ. ನಿಮ್ಮ ಅಂಗನವಾಡಿಯ ಹಿಂದೆ ಬೆಂಕಿ ತಡೆಯಲೆಂದು ನಾನು ನೆಡಿಸಿದ್ದು ಇದನ್ನು.

ನಿನ್ನ ಫೋನು ಬಂದ್ ಇತ್ತು. ಮರುದಿನ ಬೆಳಗಿನ ಬಸ್ಸಿಗೇ ನಿಮ್ಮೂರಿಗೆ ಹೋದೆ. ಬೇಲಿಯ ಬುಡದಲ್ಲಿ ಎರಡು ವರ್ಷದ ಒಣ ಎಲೆ, ಕಾಲಿಟ್ಟರೆ ಹೂತುಹೋಗುತ್ತದೆ. ಮೇಲೆ ಗುಡ್ಡದ ಹುಲ್ಲು ಆಗಲೇ ಒಣಗಿ ನಿಂತಿದೆ. ಊರವರನ್ನು ಕರೆದು ಬೇಲಿ ಕಡಿಯಬೇಕು ಎಂದೆ. ನನ್ನ ಮುಖ ನೋಡಿದರು. ಲಕ್ಕಿಗೆ ಕೊಡಲಿ ಹಾಕುವ ಮಾತು ಅವರ ಕಿವಿಗೆ ಹೋಗಲೇ ಇಲ್ಲ. ತೋರಿಸುತ್ತೇನೆಂದು ಒಂದು ಟೊಂಗೆ ಮುರಿದು ಕಡ್ಡಿಪೆಟ್ಟಿಗೆ ತೆಗೆದೆ. ನಿನ್ನ ಅತ್ತೆ ಬಂದು ಅದನ್ನು ಕಸಿದುಕೊಂಡರು.

"ನನ್ನ ಸೊಸಿ ಹಸಿ ಬಾಣಂತಿ ಅದಾಳ, ಇವತ್ತ ಲಕ್ಕಿ ಸುಡ್ತಿಯೇನ ನೀ" ಅಂದರು. "ನೀನ ಹೇಳಿದಿ ಇದು ಉರಿಯೂದಿಲ್ಲ ಅಂತ. ನಿನ್ನ ಮಾತ ನಂಬಿ ಕೊಡ ಹೊತ್ತು ನೀರ ಹಾಕೀನಿ. ಈಗ ನೀನ ಬಂದು ಉರೀತೈತಿ ಅಂತಿ. ಯಾವದು ಖರೆ?"

ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಸಾಹೇಬರಿಗೆ ಹೇಳಿದರೆ, ವರದಿ ತಿದ್ದಿ ಕೊಡು, ಬೇಲಿ ಊರವರದು, ಕೀಳಬೇಕಾದವರೂ ಊರವರೇ ಎಂದರು.

ಬಾಣಂತಿಗೆ ಇದನ್ನು ಬರೆಯಬಾರದು, ಬೇರೆ ದಾರಿ ಕಾಣದೆ ಬರೆದಿದ್ದೇನೆ. ನಿನ್ನ ಅತ್ತೆ ಕೇಳಿದರೆ ನಿನ್ನ ಮಾತೊಂದನ್ನೇ ಕೇಳುತ್ತಾರೆ. ಮಕ್ಕಳನ್ನು ಆ ಕಿಟಕಿಯ ಕೆಳಗೆ ಮಲಗಿಸಬೇಡಿ ಎಂದು ನಿನ್ನ ಬದಲಿಗೆ ಬಂದ ಟೀಚರಿಗೆ ಹೇಳಿದ್ದೇನೆ. ಅವಳು ಹೂಂ ಅಂದಳು, ಬೇರೆ ಜಾಗ ಎಲ್ಲಿದೆ ಎಂದೂ ಕೇಳಿದಳು.

ಶಿವಲೀಲಾ


ಕುಷ್ಟಗಿ
೧೪ ಫೆಬ್ರುವರಿ ೨೦೨೫

ಲೀಲಾ,

ನಿನ್ನ ಮೇಲೆ ಸಿಟ್ಟು ಬಂತು. ಮೂರು ತಿಂಗಳು ಎಲೆ ಮುಟ್ಟಿದವಳು ಅರಿಶಿನ ಗುರುತಿಸಲಿಲ್ಲವಲ್ಲ ಎಂದು. ಆಮೇಲೆ ನೆನಪಾಯಿತು, ಹಳದಿ ಬೆರಳಿನ ಕಾಗದ ಓದಿ ನನಗೂ ಏನೂ ಅನ್ನಿಸಿರಲಿಲ್ಲ.

ನಂಬಲು ಮಾತ್ರ ಆಗಲಿಲ್ಲ. ಆ ಬೇಲಿಯ ಪಕ್ಕ ಮಕ್ಕಳನ್ನು ಮಲಗಿಸಿ ನಾನೂ ಅಲ್ಲೇ ಕಣ್ಣು ಮುಚ್ಚಿದ್ದೇನೆ. ಅವ್ವ ಗಿರಣಿಗೆ ಹೋದ ಹೊತ್ತು ನೋಡಿ ಬಚ್ಚಲಿಗೆ ಹೋದೆ. ಮಿಕ್ಕ ಲಕ್ಕಿಯನ್ನು ಅವಳು ಮಾಳಿಗೆಯ ಮೇಲೆ ಒಣಗಿಸಿ ಬಚ್ಚಲಿನ ಗೂಟಕ್ಕೆ ಕಟ್ಟಿರುತ್ತಾಳೆ. ಹಂಡೆಯ ಕೆಳಗೆ ಕೆಂಡ ಇತ್ತು. ಒಂದು ಹಿಡಿ ಕಿತ್ತುಕೊಂಡು ಒಲೆಯ ಮುಂದೆ ಕೂತೆ. ಆರು ವರ್ಷ ಅಲ್ಲ, ಎಂಟು ವರ್ಷ ಕಾದು ಪಡೆದ ಕೂಸು ಲೀಲಾ. ನಂಬಿಕೆ ಸುಳ್ಳು ಎಂದು ಹೇಳುವುದು ನಿನಗೆ ಸುಲಭ.

ಹಾಕಿದೆ. ಒಲೆಯ ಬಾಯಿಂದ ಉರಿ ಹೊರಗೆ ಬಂದು ನನ್ನ ಸೀರೆಯ ಮುಂದೆಯೇ ನಿಂತಿತು. ಹಂಡೆಯ ಹೊರಮೈ ಪೂರಾ ನೆಕ್ಕಿತು.

ಆಗಲೇ ಒಳಗೆ ಕೂಸು ಅತ್ತಿತು. ತೊಟ್ಟಿಲ ಹತ್ತಿರ ಹೋದೆ, ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ. ಕೊನೆಗೆ ಎತ್ತಿ ಎದೆಗೆ ಹಾಕಿಕೊಂಡು ಕಣ್ಣು ಮುಚ್ಚಿದೆ. ಗುಟುಕು ಗುಟುಕು ಕುಡಿಯುವ ಸದ್ದು ಕೇಳಿದ ಮೇಲೆ ನಾನೂ ಅಳುತ್ತಿದ್ದೇನೆ ಎಂದು ಗೊತ್ತಾಯಿತು.

ಅತ್ತೆಗೆ ಬೇರೆ ಕಾಗದ ಬರೆದು ದುರಗೇಶನ ಕೈಯಲ್ಲಿ ಕಳಿಸಿದ್ದೇನೆ. ಲಕ್ಕಿಯನ್ನು ನಾನೇ ಸುಟ್ಟೆ, ಉರಿ ಹೀಗೆ ಬಂತು, ಹಾಲು ಬತ್ತಿಲ್ಲ ಎಂದು ಬರೆದಿದ್ದೇನೆ. ಅವರು ನನ್ನನ್ನು ಮನೆಗೆ ಕರೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ.

ಸುಕನ್ಯಾ


ಗುಡ್ಡದ ಹೊಸಹಳ್ಳಿ
೨೪ ಫೆಬ್ರುವರಿ ೨೦೨೫

ಶಿವಲೀಲವ್ವಗ,

ನಾ ಹೇಳಾಕತ್ತೀನಿ, ನನ್ನ ಮಗ ದುರಗೇಶ ಬರಿಯಾಕತ್ಯಾನ. ಎಲ್ಲೆರ ನನ್ನ ಮಾತ ಬಿಟ್ಟಿದ್ರ ಅವನ ಕಿವಿ ಹಿಂಡು.

ಸೊಸಿ ಕಾಗದ ಓದಿಸಿ ಕೇಳಿದೆ. ಹಸಿ ಬ್ಯಾಣಂತಿ, ಇಷ್ಟ ವರ್ಷಕ್ಕ ಹಡದಾಕಿ, ತನ್ನ ಕೈಯಾರೆ ಲಕ್ಕಿ ಸುಟ್ಟಾಳ. ಅವತ್ತ ಕುಷ್ಟಗಿ ಬಸ್ ಹತ್ತಿದೆ. ನಾ ಹೋದಾಗ ಕೂಸು ಮಲಿ ಕುಡದು ತುಟಿ ಮ್ಯಾಲ ಹಾಲ ಹಚ್ಚಿಕೊಂಡು ಮಲಗಿತ್ತು. ನೋಡಿದೆ, ತಿರುಗಿ ಬಂದೆ. ದಾರಿ ಪೂರಾ ತಲಿ ಓಡಲಿಲ್ಲ. ಆಕಿ ಖರೆ ಆದ್ರ ನಾ ಇಷ್ಟ ದಿನ ನಂಬಿದ್ದು ಏನು?

ನಿನ್ನೆ ಐತವಾರ, ಅಂಗನವಾಡಿ ಸೂಟಿ. ಯಾರಿಗೂ ಹೇಳಲಿಲ್ಲ. ಹಳ್ಳದ ಕಡಿ ತುದಿಗೆ ಒಂದ ಗಿಡದ ಬುಡಕ ಕಡ್ಡಿ ಗೀರಿದೆ. ಬಾಜೂಕ ಎರಡ ಕೊಡ ನೀರ ಇಟ್ಟುಕೊಂಡಿದ್ದೆ. ಒಂದ ಗಿಡ ಹತ್ತೀತು, ನೋಡಿ ಆರಿಸೀನಂತ ತಿಳದಿದ್ದೆ. ಕೊಡ ಎತ್ತೂದರಾಗ ಬೆಂಕಿ ನನ್ನ ಬಿಟ್ಟು ಮುಂದ ಹೋಗಿತ್ತವ್ವಾ. ಗಿಡದಿಂದ ಗಿಡಕ್ಕ ಜಿಗಕೋತ ಹೋತು. ನಾ ನೀರ ಹಾಕಿ ಬೆಳಿಸಿದ ಗಿಡ, ನನ್ನ ಮುಂದ ಹಂಗ ಉರದ್ವು. ಉರಿಯೂ ಟೊಂಗಿ ಎಡಗೈಲೆ ಹಿಡದು ಜಗ್ಗಿದೆ. ಹೊಗಿ ನೋಡಿ ಊರ ಮಂದಿ ಓಡಿ ಬಂದು ಬಡದು ಆರಿಸ್ಯಾರ. ಅಷ್ಟರಾಗ ಅದು ಅಂಗನವಾಡಿ ಗ್ವಾಡಿ ಮುಟ್ಟಿತ್ತು. ನನ್ನ ಎಡಗೈ ಸುಟ್ಟೈತಿ, ಯಲಬುರ್ಗಾ ದವಾಖಾನ್ಯಾಗ ಪಟ್ಟಿ ಕಟ್ಯಾರ, ಅದೇನ ದೊಡ್ಡದಲ್ಲ.

ಕಿಟಕಿ ಸುಟ್ಟು ಕರಿ ಆಗೇತಿ. ಒಳಗ ಹೋಗಿ ನೋಡಿದೆ. ಚಾಪಿ ಹಾಸಿದ್ದು ಹಂಗ ಇತ್ತು, ಕಿಡಿ ಬಿದ್ದು ತೂತ ತೂತ ಆಗಿತ್ತು. ಹುಡುಗರು ತಲಿ ಇಡೂ ಕಡಿ. ಬರೂ ವರ್ಷ ನನ್ನ ಮೊಮ್ಮಗಳನ್ನ ಅಲ್ಲೇ ಮಲಗಿಸಾಕಿ ಇದ್ದೆ ನಾ.

ಉಳದ ಬೇಲಿ ಇವತ್ತ ಕಡದೀವಿ. ಯಾರೂ ಮೊದಲ ಕೊಡ್ಲಿ ಹಾಕಲಿಲ್ಲ, ನನ್ನ ಮಾರಿ ನೋಡಿಕೋತ ನಿಂತಿದ್ರು. ಬಲಗೈಲೆ ನಾನ ಹಾಕಿದೆ. ಊರಿಂದ ದೂರ ಹಳ್ಳದ ದಂಡಿಗೆ ಒಂದ ಗಿಡ ಬಿಟ್ಟೀವಿ, ಬ್ಯಾಣಂತೇರಿಗೆ ಬೇಕು. ಸೊಸಿ ಮುಂದಿನ ತಿಂಗಳ ಬರ್ತಾಳ, ಕರಕೊಂಡ ಬರಾಕ ನಾನ ಹೋಗತೀನಿ.

ನಿನ್ನ ಚೀಲಕ್ಕ ಅರಿಷಿಣ ನೀರ ಹಾಕಿದ್ದು ಮೋಸಕ್ಕಲ್ಲ. ಸುಡಾಕ ಒಯ್ತಾಳ ಪಾಪ, ಒಣದ ಹೋಗೂದು ಬ್ಯಾಡ ಅಂತ ಹಾಕಿದೆ. ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತ ನಿನ್ನ ಕಡ್ಡಿಪೆಟಗಿ ಕಸಗೊಂಡಿದ್ದೆ. ನಿನ್ನೆ ಗೀರಿದ್ದು ಅದರಾಗಿನ ಕಡ್ಡೀನ.

ರೌಫನ ಕೈಯಾಗ ಚೀಲ ಕೊಟ್ಟೀನಿ. ತಂಗಡಿ ಐತಿ, ಕತ್ತಾಳಿ ಐತಿ, ಹಳ್ಳದಾಗಿನ ಇನ್ನೊಂದೆರಡ ಗಿಡ ಅದಾವ, ಹೆಸರ ನನಗೂ ಗೊತ್ತಿಲ್ಲ. ಬ್ಯಾರೆ ಬೇಲಿ ಹಾಕಬೇಕಲ್ಲ ಮತ್ತ. ಕೆಂಪ ದಾರ ಕಟ್ಟಿದ ಚೀಲದಾಗ ಲಕ್ಕಿ ಐತಿ. ಬಿಸಿಲಾಗ ಒಣಗಿಸೀನಿ, ನೀರ ಮುಟ್ಟಿಸಿಲ್ಲ. ನಮ್ಮ ಮನಿ ಹೊಸ್ತಿಲಾ ದಾಟಿ ಒಣ ಲಕ್ಕಿ ಹೊಂಟದ್ದು ಇದ ಮೊದಲು.

ಸುಡವ್ವಾ. ಹೆಂಗ ಉರೀತು ಅಂತ ಬರದು ಹೇಳು, ನಾ ಓದಿಸಿ ಕೇಳತೀನಿ.

ಪಕ್ಕೀರವ್ವ
(ಎಡಗೈಗೆ ಪಟ್ಟಿ ಕಟ್ಟಿದ್ದರಿಂದ ಬಲಗೈ ಹೆಬ್ಬಟ್ಟು)